ಅಪ್ಪ ತಿದ್ದಿದ ಮುಖ

ಫೋಟೋ ತಾತನ ಕೈಗೆ ಎಂಥ ಮುಖ ಸಿಕ್ಕರೂ ಹೊರಗೆ ಬರುವಾಗ ಹತ್ತು ವರ್ಷ ಚಿಕ್ಕದಾಗಿರುತ್ತಿತ್ತು. ಕಣ್ಣಿನ ಕೆಳಗಿನ ಕಪ್ಪು, ಮೂಗಿನ ಮೇಲಿನ ಮೊಡವೆ, ಗದ್ದದ ಕೆಳಗೆ ಜೋತುಬಿದ್ದ ಇನ್ನೊಂದು ಗದ್ದ, ಎಲ್ಲಾ ಮಾಯ! ಮದುವೆಯಾಗುವವರು, ಕೆಲಸಕ್ಕೆ ಅರ್ಜಿ ಹಾಕುವವರು, ಸತ್ತವರ ಪಟ ದೊಡ್ಡದು ಮಾಡಿಸುವವರು, ಬೀದಿಯವರೆಲ್ಲ ಅವನ ಸ್ಟುಡಿಯೋಗೇ ಬರುತ್ತಿದ್ದರು. "ತಾತ, ನನ್ನನ್ನ ಸ್ವಲ್ಪ ಮನುಷ್ಯನ ಥರ ಮಾಡು" ಎಂದು ಮೂಲೆ ಅಂಗಡಿಯ ಕಟುಕ ಹಲ್ಲು ಕಿರಿದರೆ, "ಅದಕ್ಕೆ ಎರಡು ದಿನ ಬೇಕು ಮಾರಾಯ, ನಾಳಿದ್ದು ಬಾ" ಅನ್ನುತ್ತಿದ್ದ.

ಕೆಳಗೆ ಸ್ಟುಡಿಯೋ, ಮೇಲೆ ಮನೆ. ಮೂವತ್ತೆಂಟು ವರ್ಷದ ಕಸುಬು. ಮೊದಲು ಸೀಸದಕಡ್ಡಿ, ಸಣ್ಣ ಕುಂಚ, ಆಮೇಲೆ ಕಂಪ್ಯೂಟರು. ಏನು ಬದಲಾದರೂ ಒಂದು ಅಭ್ಯಾಸ ಬದಲಾಗಲಿಲ್ಲ. ತಿದ್ದಿದ ಮೇಲೆ, ತಿದ್ದುವ ಮುಂಚಿನದನ್ನು ಅವನು ಇಟ್ಟುಕೊಳ್ಳುತ್ತಿರಲಿಲ್ಲ. ಅದರ ಮೇಲೇ ಸೇವ್ ಮಾಡಿಬಿಡುವುದು. "ಜನ ದುಡ್ಡು ಕೊಡೋದೇ ಮೊಡವೆ ಕಾಣಬಾರದು ಅಂತ. ನಾನು ಅದನ್ನ ಜೋಪಾನ ಮಾಡಿ ಏನು ಮಾಡ್ಲಿ, ಉಪ್ಪಿನಕಾಯಿ ಹಾಕ್ಲಾ?" ಎಂದು ಕೇಳುತ್ತಿದ್ದ.

ಇಂಥ ಮನೆಗೆ ಒಂದು ಮಧ್ಯಾಹ್ನ ಅವನ ಮಗಳು ಬಂದಳು. ಎಂಟು ವರ್ಷದ ಹಿಂದೆ ಮದುವೆಯಾಗಿ ಬೇರೆ ದೇಶಕ್ಕೆ ಹೋದವಳು, ಒಂದು ಚೀಲ, ಏಳು ವರ್ಷದ ಮಗಳು, ಕಾಲಲ್ಲಿ ಮನೆಯೊಳಗೆ ಹಾಕಿಕೊಳ್ಳುವ ಚಪ್ಪಲಿ, ಇಷ್ಟರಲ್ಲೇ ಗಡಿ ದಾಟಿ ಬಂದಿದ್ದಳು. ಅಜ್ಜಿ ಬಾಗಿಲಲ್ಲೇ ನಿಂತು, "ಅಯ್ಯೋ ನನ್ನಮ್ಮ, ಒಂದು ಮಾತು ಹೇಳ್ಬಾರದಾ, ಅಡುಗೆನಾದ್ರೂ ಮಾಡಿರ್ತಿದ್ದೆ" ಅಂದಳು. ಮಗಳು, "ಅಮ್ಮ, ಮೊದಲು ಬಾಗಿಲು ಹಾಕು" ಅಂದಳು.

ತಾತ ಮಗಳ ಮುಖ ನೋಡಿದ. ಎಡ ಹುಬ್ಬಿನ ನಡುವೆ ಕೂದಲಿಲ್ಲದ ಒಂದು ಬಿಳಿ ಗೆರೆ. ಅದು ಅವನಿಗೆ ಗೊತ್ತಿದ್ದ ಗೆರೆ. ನೋಡಿದವನೇ ಕಣ್ಣು ತಗ್ಗಿಸಿ ಅವಳ ಚೀಲ ಎತ್ತಿಕೊಂಡು ಒಳಗೆ ಹೋದ.

ಮೊಮ್ಮಗಳನ್ನು ಅವರು ಗಿಣಿ ಅನ್ನುತ್ತಿದ್ದರು. ಫೋನಿನಲ್ಲಿ ಮೂರು ವರ್ಷದವಳಿದ್ದಾಗ ಪಟಪಟ ಮಾತಾಡುತ್ತಿದ್ದಳು, ಹಾಗಾಗಿ ಆ ಹೆಸರು. ಈಗ ಬಂದವಳ ಬಾಯಲ್ಲಿ ಮಾತೇ ಇಲ್ಲ. ಮೇಜಿನ ಮುಂದೆ ಕೂರಿಸಿ ಅನ್ನ, ಬೇಳೆ ಬಡಿಸಿದರೆ ಕೈ ತೊಡೆಯ ಕೆಳಗಿಟ್ಟುಕೊಂಡು ಕೂತಳು.

"ತಿನ್ನು ಚಿನ್ನ, ಆರಿಹೋಗುತ್ತೆ."

"ಈಗ ತಿನ್ನಬಹುದಾ?"

"ಇದೇನು ಪ್ರಶ್ನೆ! ತಟ್ಟೆ ಇರೋದು ಯಾಕೆ, ನೋಡೋಕಾ?" ಎಂದು ಅಜ್ಜಿ ನಕ್ಕಳು. ಬೇರೆ ಯಾರೂ ನಗಲಿಲ್ಲ.

ಸಂಜೆ ಮಗ ಬಂದ. ಲಿಫ್ಟ್ ರಿಪೇರಿಯವನು, ಇಪ್ಪತ್ತಾರರ ಒಂಟಿ ಪ್ರಾಣಿ. ಬಂದವನೇ ದಿನದ ಹಾಗೆ ಸಲಕರಣೆ ಚೀಲವನ್ನು ನೆಲಕ್ಕೆ ಧೊಪ್ಪನೆ ಹಾಕಿದ. ಗಿಣಿ ಮೇಜಿನ ಕೆಳಗೆ ಹೋಗಿಬಿಟ್ಟಳು. ಎಷ್ಟು ಕರೆದರೂ ಬರಲಿಲ್ಲ. ಕೊನೆಗೆ ಅವಳಮ್ಮ ತಾನೂ ಕೆಳಗೆ ತೂರಿ, ಕಾಲು ಗಂಟೆ ಅಲ್ಲೇ ಕೂತು ಕರೆದುಕೊಂಡು ಬಂದಳು. ಮಾರನೇ ದಿನದಿಂದ ಮಗ ಚೀಲವನ್ನು ಮೆಟ್ಟಿಲ ಹೊರಗೇ ಇಟ್ಟು ಬಂದ. ತನ್ನ ಕೋಣೆ ಅಕ್ಕನಿಗೆ ಬಿಟ್ಟುಕೊಟ್ಟು ನಡುಮನೆಯಲ್ಲಿ ಹಾಸಿಕೊಂಡ.

ನಾಲ್ಕನೇ ದಿನ ಪಾತ್ರೆ ತೊಳೆಯುತ್ತ ಮಗಳು ಹೇಳಿದಳು. "ಹೊಡೀತಾನೆ ಅಮ್ಮ. ಐದು ವರ್ಷದಿಂದ. ಈ ಸಲ ಕತ್ತು ಹಿಸುಕಿದಾಗ ಗಿಣಿ ಮಧ್ಯೆ ಬಂದ್ಲು. ಅವಳನ್ನ ಎತ್ತಿ ಸೋಫಾ ಮೇಲೆ ಎಸೆದ. ಮುಂದಿನ ಸಲ ಎಲ್ಲಿಗೆ ಎಸೀತಾನೋ ಅಂತ ಬಂದೆ."

ಅಜ್ಜಿಯ ಕೈಯಲ್ಲಿದ್ದ ಬಟ್ಟಲು ನೀರಿಗೆ ಜಾರಿತು. ಅಷ್ಟಾದರೂ, ಎದುರು ಮನೆಯವಳು "ಮಗಳು ಬಂದ ಹಾಗಿದೆ" ಎಂದಾಗ ಅವಳ ಬಾಯಿಂದ ಬಂದದ್ದು "ಹೂಂ, ರಜೆಗೆ" ಎಂದೇ.

ಮಗ ರೇಗಿದ. "ಯಾವ ರಜೆ ಅಮ್ಮ? ಇವಳೇನು ಊರು ಸುತ್ತೋಕೆ ಬಂದಿದ್ದಾಳಾ?"

"ಮತ್ತೇನು ಹೇಳ್ಲಿ? ಬೀದಿಗೆಲ್ಲ ಡಂಗುರ ಹೊಡೀಲಾ?"

"ಹೊಡಿ. ತಪ್ಪು ಮಾಡಿದವನು ಅವನು. ನಾಚಿಕೆ ನಮಗ್ಯಾಕೆ?"

"ನಿನಗೇನೋ ಗೊತ್ತು, ಲಿಫ್ಟಲ್ಲಿ ಮೇಲೆ ಕೆಳಗೆ ಓಡಾಡೋನಿಗೆ!"

ತಾತ ತಟ್ಟೆ ನೋಡುತ್ತ ಊಟ ಮಾಡಿದ. ಈ ಮನೆಯಲ್ಲಿ ತಾತ ಊಟದ ಹೊತ್ತಲ್ಲಿ ತಮಾಷೆ ಮಾಡದೇ ಇದ್ದ ದಿನವೇ ಇರಲಿಲ್ಲ. ಮಗಳು ಬಂದಾಗಿನಿಂದ ಒಂದೂ ಇಲ್ಲ. ದುಃಖ ಅಂತ ಎಲ್ಲರೂ ಅಂದುಕೊಂಡರು. ದುಃಖವೇನೋ ಹೌದು, ಅದರ ಜೊತೆ ಇನ್ನೊಂದಿತ್ತು.

ಆರನೇ ವಾರ ನೋಟಿಸು ಬಂತು. ಅಳಿಯ ಅಲ್ಲಿಂದ ದೂರು ಕೊಟ್ಟಿದ್ದ. ಎರಡು ದೇಶದ ನಡುವಿನ ಒಪ್ಪಂದದ ಪ್ರಕಾರ ನನ್ನ ಮಗುವನ್ನು ವಾಪಸ್ ಕಳಿಸಿ, ತಾಯಿ ಅಪಹರಣ ಮಾಡಿದ್ದಾಳೆ ಎಂದು.

"ಅಪಹರಣ?" ಅಜ್ಜಿ ಕಾಗದವನ್ನು ದೂರ ಹಿಡಿದು, ಹತ್ತಿರ ಹಿಡಿದು ಓದಿದಳು. "ಹೆತ್ತವಳು ಕದ್ದುಕೊಂಡು ಬಂದ್ಲಾ? ಒಂಬತ್ತು ತಿಂಗಳು ಯಾರ ಹೊಟ್ಟೇಲಿ ಕದ್ದಿಟ್ಟಿದ್ಲಂತೆ?"

ಸರ್ಕಾರದ ಕಡೆಯಿಂದ ಸಿಕ್ಕ ವಕೀಲೆ ಮನೆಗೇ ಬಂದರು. ಸ್ಕೂಟರಿನ ಹೆಲ್ಮೆಟ್ಟನ್ನು ಮಡಿಲಲ್ಲೇ ಇಟ್ಟುಕೊಂಡು ಮಾತಾಡುವ ಹೆಂಗಸು. ಅಜ್ಜಿ ಕೊಟ್ಟ ಚಹಾ ಕುಡಿಯುತ್ತ ಬಿಡಿಸಿ ಹೇಳಿದರು.

"ಮಗು ಯಾರ ಹತ್ರ ಇರಬೇಕು ಅನ್ನೋದಲ್ಲ ಇಲ್ಲಿ ಪ್ರಶ್ನೆ. ಅದನ್ನ ಯಾವ ದೇಶದ ಕೋರ್ಟು ತೀರ್ಮಾನ ಮಾಡಬೇಕು ಅನ್ನೋದು. ಮಗು ಬೆಳೆದಿರೋದು ಅಲ್ಲಿ. ಹಾಗಾಗಿ ವಾಪಸ್ ಕಳಿಸಿ ಅಂತಲೇ ಸಾಮಾನ್ಯವಾಗಿ ಆಗುತ್ತೆ. ತಪ್ಪಿಸಬೇಕು ಅಂದ್ರೆ ಒಂದೇ ದಾರಿ. ಅಲ್ಲಿಗೆ ಹೋದರೆ ಮಗುವಿಗೆ ಗಂಭೀರ ಅಪಾಯ ಇದೆ ಅಂತ ತೋರಿಸಬೇಕು. ಬಾಯಲ್ಲಿ ಹೇಳಿದ್ರೆ ಸಾಲದು. ಸಾಕ್ಷಿ ಬೇಕು."

"ಪೊಲೀಸಿಗೆ ಹೇಳಲಿಲ್ಲ ಮೇಡಂ" ಎಂದಳು ಮಗಳು. "ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡಾಗ ಆಸ್ಪತ್ರೆಯಲ್ಲಿ ಮೆಟ್ಟಿಲಿಂದ ಬಿದ್ದೆ ಅಂದಿದ್ದೆ. ಪಕ್ಕದಲ್ಲೇ ಅವನು ನಿಂತಿದ್ದ."

"ಫೋಟೋ? ಗಾಯದ್ದು?"

"ಫೋನು ಅವನ ಹತ್ರ ಉಳೀತು. ಆದ್ರೆ..." ಮಗಳು ಅಪ್ಪನ ಕಡೆ ನೋಡಿದಳು. "ನಾಲ್ಕೈದು ತಿಂಗಳಿಗೊಂದು ಫೋಟೋ ಅಪ್ಪನಿಗೆ ಕಳಿಸ್ತಿದ್ದೆ. ನಾನು, ಗಿಣಿ ಇರೋದು."

"ಅಯ್ಯೋ, ಇವೆಯಲ್ಲ!" ಅಜ್ಜಿ ಎದ್ದು ನಡುಮನೆಯ ಗೋಡೆಯಿಂದ ಕಟ್ಟು ಹಾಕಿದ ಫೋಟೋಗಳನ್ನು ಒಂದೊಂದಾಗಿ ಇಳಿಸಿ ತಂದಳು. ಒಟ್ಟು ಹನ್ನೊಂದು. ಎಲ್ಲದರಲ್ಲೂ ಮಗಳು ಬೆಳಗುತ್ತಿದ್ದಳು. ಕೆನ್ನೆ ನಯ, ಹುಬ್ಬು ತುಂಬಿದ ಹುಬ್ಬು.

ವಕೀಲೆ ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿ ನಿಟ್ಟುಸಿರು ಬಿಟ್ಟರು. "ಇದನ್ನ ಆ ಕಡೆಯವರು ನೋಡಿದ್ರೆ ಹಬ್ಬ ಮಾಡ್ತಾರಮ್ಮ. ಇಷ್ಟು ಚೆನ್ನಾಗಿದ್ದವಳು ಹೊಡೆತ ತಿಂದ್ಲು ಅಂದ್ರೆ ಯಾರು ನಂಬ್ತಾರೆ?" ಆಮೇಲೆ ತಾತನ ಕಡೆ ತಿರುಗಿ, "ನೀವು ಕಟ್ಟು ಹಾಕೋ ಮುಂಚೆ ತಿದ್ದಿದ್ದೀರಾ? ಮೂಲದ್ದು ಇದ್ರೆ ಕೊಡಿ" ಅಂದರು.

"ಹುಡುಕ್ತೀನಿ ಮೇಡಂ" ಅಂದ ತಾತ.

ಏನು ಹುಡುಕುತ್ತಾನೆ, ಮಣ್ಣು! ಎರಡು ದಿನ ಸ್ಟುಡಿಯೋದಲ್ಲಿ ಕಂಪ್ಯೂಟರಿನ ಮುಂದೆ ಕೂತ. ಗಿರಾಕಿ ಬಂದರೆ "ಮಿಷನ್ ಕೆಟ್ಟಿದೆ" ಎಂದು ಕಳಿಸಿದ. ಇಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆ ಹನ್ನೊಂದರಲ್ಲಿ ಆರು ಫೋಟೋ, ಆರನ್ನೂ ತಿದ್ದಿದ ದಿನ ಅವನಿಗೆ ನೆನಪಿತ್ತು. ಯಾವ ಕೆನ್ನೆ, ಎಷ್ಟಗಲ, ಯಾವ ಬಣ್ಣ ಎಂಬುದೂ ನೆನಪಿತ್ತು. ಅವನಿಗೆ ಬೇರೆ ಏನು ಬರುತ್ತೋ ಇಲ್ಲವೋ, ಚರ್ಮದ ಬಣ್ಣ ಬರುತ್ತದೆ.

ಮೂರನೇ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದರು. ಗಿಣಿ ತಿಂದು ಕೋಣೆಗೆ ಹೋಗಿದ್ದಳು, ಮಗಳು ಊಟ ಮುಗಿಸಿ ಅಲ್ಲೇ ಹುರುಳಿಕಾಯಿ ಬಿಡಿಸುತ್ತಿದ್ದಳು. ಮಗ ಬಾಯಲ್ಲಿ ಬ್ರೆಡ್ಡು ಇಟ್ಟುಕೊಂಡೇ, "ಅಪ್ಪ, ನಿನ್ನ ಕಣ್ಣಿಗೆ ಸಿಗಲ್ಲ ಅದು. ಆ ಕಂಪ್ಯೂಟರು ಕೊಡು, ನಾನೇ ನೋಡ್ತೀನಿ" ಅಂದ.

"ಇಲ್ಲ."

"ಏನಿಲ್ಲ?"

"ಮೂಲದ್ದು ಇಲ್ಲ ಕಣೋ. ಅದರ ಮೇಲೇ ಸೇವ್ ಮಾಡಿದ್ದೀನಿ. ಫೋನಿಗೆ ಬಂದ ಮೆಸೇಜೂ ಉಳಿದಿಲ್ಲ."

"ಅದಕ್ಯಾಕೆ ಮುಖ ಹಾಗೆ ಮಾಡ್ತೀಯ? ಬಣ್ಣಗಿಣ್ಣ ಸರಿ ಮಾಡಿದ್ದಿರಬಹುದು, ಅಷ್ಟೇ ತಾನೆ?"

ತಾತ ಕೈ ತಟ್ಟೆಯಲ್ಲೇ ಬಿಟ್ಟು ಹೇಳಿದ. "ಅಳಿಸಿದೆ. ಆರು ಫೋಟೋದಲ್ಲಿ ಗಾಯ ಇತ್ತು. ಕೆನ್ನೆ ಮೇಲೆ, ಕಣ್ಣ ಕೆಳಗೆ, ಗದ್ದದ ಹತ್ರ. ಒಂದರಲ್ಲಿ ಹುಬ್ಬಿಗೆ ಮೂರು ಹೊಲಿಗೆ. ಎಲ್ಲಾ ನಾನೇ ಅಳಿಸಿದೆ."

ಮೊದಲು ಬಾಯಿ ಬಂದದ್ದು ಅಜ್ಜಿಗೆ.

"ನಿಮಗೆ ಗೊತ್ತಿತ್ತಾ?"

"ಮೊದಲನೇದು ನೋಡಿ ಎಲ್ಲೋ ಬಿದ್ದಿರಬೇಕು ಅಂದ್ಕೊಂಡೆ. ಎರಡನೇದಕ್ಕೆ ಕೈ ತಾನಾಗೇ ಹೋಯ್ತು. ಆಮೇಲೆ... ನೀನು ಗೋಡೆಗೆ ಹಾಕ್ತೀಯಲ್ಲ, ಬಂದವರು ನೋಡ್ತಾರಲ್ಲ..."

"ನನ್ನ ಮೇಲೆ ಹಾಕ್ಬೇಡಿ! ನಾಲ್ಕು ವರ್ಷ ದಿನಾ ಬೆಳಿಗ್ಗೆ ಆ ಗಾಜು ಒರೆಸಿದ್ದೀನಿ ನಾನು. ನಮ್ಮ ಮಗಳು ಎಷ್ಟು ಸುಖವಾಗಿದ್ದಾಳೆ ಅಂತ ಬೀದಿಯವರಿಗೆಲ್ಲ ತೋರಿಸಿದ್ದೀನಿ. ಬಾಯಿಗೆ ಏನು ತುರುಕಿಕೊಂಡಿದ್ರಿ ನೀವು?"

"ಥೂ" ಎಂದ ಮಗ. ಅಪ್ಪನಿಗೆ ಹಾಗೆ ಅವನು ಯಾವತ್ತೂ ಅಂದಿರಲಿಲ್ಲ. ಕುರ್ಚಿ ದೂಡಿ ಎದ್ದು ನಿಂತ.

ಮಗಳು ಮಾತ್ರ ಹುರುಳಿಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. "ನಂಗೆ ಗೊತ್ತಿತ್ತು" ಎಂದಳು ಮೆಲ್ಲಗೆ.

"ಏನು ಗೊತ್ತಿತ್ತು?"

"ಅಪ್ಪ ನೋಡಿದ್ದಾನೆ ಅಂತ. ನಾನು ಅದಕ್ಕೇ ಕಳಿಸ್ತಿದ್ದೆ. ಬಾಯಲ್ಲಿ ಹೇಳೋ ಹಾಗಿರಲಿಲ್ಲ, ಬರೆಯೋ ಹಾಗಿರಲಿಲ್ಲ, ಫೋನು ದಿನಾ ತೆಗೆದು ನೋಡ್ತಿದ್ದ. ಮುಖ ಒಂದೇ ಇದ್ದದ್ದು. ಅಪ್ಪನ ಕಣ್ಣಿಗೆ ಒಂದು ಕೂದಲು ತಪ್ಪಲ್ಲ, ಇದು ತಪ್ಪುತ್ತಾ ಅಂದ್ಕೊಂಡೆ. ಕಳಿಸಿ ಎರಡು ದಿನ ಕಾಯ್ತಿದ್ದೆ. ಎರಡು ದಿನಕ್ಕೆ ಸರಿಯಾಗಿ ವಾಪಸ್ ಬರ್ತಿತ್ತು. ಚಂದ ಮಾಡಿ ಕಳಿಸಿರ್ತಿದ್ದೆ ನೀನು, ಅಪ್ಪ. 'ಬಹಳ ಚೆನ್ನಾಗಿ ಬಂದಿದೆ ಮಗಳೇ' ಅಂತ ಕೆಳಗೆ ಬರೆದಿರ್ತಿದ್ದೆ." ಅವಳು ಬಿಡಿಸಿದ ಕಾಯಿಗಳನ್ನು ಬಟ್ಟಲಿಗೆ ಸುರಿದಳು. "ಅದನ್ನ ಅವನೂ ನೋಡ್ತಿದ್ದ. ನಿಮ್ಮಪ್ಪ ಜಾಣ ಅಂತಿದ್ದ."

ಆ ಕ್ಷಣ ಭೂಮಿ ಬಾಯಿಬಿಟ್ಟಿದ್ದರೆ ತಾತ ಇಳಿದುಹೋಗುತ್ತಿದ್ದ.

ಅಜ್ಜಿ ಮತ್ತೆ ಶುರುಮಾಡಿದಳು. ಮಗಳು ತಡೆದಳು. "ಸಾಕಮ್ಮ. ನಿನಗೆ ಫೋನಲ್ಲಿ ಹೇಳಲಿಲ್ವಾ? ಹೊಂದಿಕೊಂಡು ಹೋಗು ಅಂದೆ ನೀನು."

"ಕೋಪಿಷ್ಠ ಅಂದೆ ನೀನು. ಹೊಡೀತಾನೆ ಅನ್ನಲಿಲ್ಲ!"

"ಪಕ್ಕದಲ್ಲೇ ಕೂತಿರ್ತಿದ್ದನಮ್ಮ. ಕೋಪಿಷ್ಠ ಅಂದಿದ್ದಕ್ಕೇ ಆ ದಿನ ಏಟು ತಿಂದಿದ್ದೀನಿ."

ಆಮೇಲಿನ ವಾರಗಳಲ್ಲಿ ಮನೆ ನಡೆಯಿತು, ನಡೆಯಲೇಬೇಕಲ್ಲ. ಅಜ್ಜಿ ತಾತನಿಗೆ ಬಡಿಸಿ, ಪಕ್ಕದಲ್ಲಿ ಕೂರದೆ ಅಡುಗೆಮನೆಗೆ ಹೋಗಿ ನಿಂತುಕೊಂಡು ತಿಂದಳು. ಗೋಡೆಯ ಫೋಟೋಗಳು ಮತ್ತೆ ಮೇಲೇರಲಿಲ್ಲ. ಹನ್ನೊಂದು ಮೊಳೆ ಹಾಗೇ ಉಳಿದವು. ಎದುರು ಮನೆಯವಳು ಏನೋ ಕೇಳಿದಾಗ ಅಜ್ಜಿ, "ಗಂಡ ಹೊಡೆದಿದ್ದಾನೆ, ಅದಕ್ಕೇ ಬಂದಿದ್ದಾಳೆ, ಇನ್ನೇನು ಬೇಕು ನಿನಗೆ?" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಬಂದಳು. ಮಗ ಅಪ್ಪನ ಜೊತೆ ಮಾತು ಬಿಟ್ಟ. ಆದರೆ ಕಂಪ್ಯೂಟರನ್ನು ಹೊತ್ತು ಗುರುತಿನವನೊಬ್ಬನ ಹತ್ತಿರ ಒಯ್ದ. ಅಳಿಸಿದ್ದನ್ನು ಹುಡುಕಿ ತೆಗೆಯುವ ವಿದ್ಯೆ ಅವನಿಗೆ ಬರುತ್ತಿತ್ತು. ಹತ್ತು ದಿನ ತಿಣುಕಿ ಒಂದೇ ಒಂದು ತೆಗೆದುಕೊಟ್ಟ, ಅದೂ ಅರ್ಧ. ಕೆಳಗಿನ ಅರ್ಧ ಬರೀ ಬೂದಿ ಬಣ್ಣದ ಪಟ್ಟಿ. ಮೇಲಿನ ಅರ್ಧದಲ್ಲಿ ಮಗಳ ಹಣೆ, ಮೂರು ಹೊಲಿಗೆಯ ಹುಬ್ಬು, ಊದಿಕೊಂಡು ಮುಚ್ಚಿದ ಕಣ್ಣು.

ವಕೀಲೆ ಅದನ್ನು ನೋಡಿ ತಾತನನ್ನು ಕೇಳಿದರು. "ಇದೊಂದು ಸಾಲದು. ಉಳಿದ ಐದರ ವಿಷಯ ನೀವೇ ಹೇಳಬೇಕು. ಎಲ್ಲರ ಮುಂದೆ. ಗೊತ್ತಿದ್ದೂ ಸುಮ್ಮನಿದ್ದೆ ಅಂತ ಒಪ್ಪಿಕೊಳ್ಳಬೇಕಾಗುತ್ತೆ. ಆಗುತ್ತಾ?"

"ಆಗುತ್ತೆ" ಎಂದ ತಾತ. ಬಾಗಿಲ ಹತ್ತಿರ ನಿಂತಿದ್ದ ಮಗ ಮೊದಲ ಸಲ ಅಪ್ಪನ ಮುಖ ನೋಡಿದ.

ಕೋರ್ಟಿನ ಕೋಣೆ ಚಿಕ್ಕದು, ಶಾಲೆಯ ಕೋಣೆಯ ಹಾಗೆ. ಗೋಡೆಯ ಪರದೆಯ ಮೇಲೆ ಅಳಿಯ ಕಾಣಿಸಿಕೊಂಡ. ಇಸ್ತ್ರಿ ಮಾಡಿದ ಅಂಗಿ, ಚೊಕ್ಕಟ ಗಡ್ಡ. ತಾತನನ್ನು ನೋಡಿ ತಲೆಬಾಗಿಸಿ, "ಮಾವ, ಆರೋಗ್ಯವಾಗಿದ್ದೀರಾ?" ಅಂದ. ತಾತನಿಗೆ ಮೈಯೆಲ್ಲ ಉರಿದುಹೋಯಿತು.

ಗಿಣಿಯ ಜೊತೆ ಕೋರ್ಟಿನ ಅಧಿಕಾರಿಣಿಯೊಬ್ಬಳು ಮೊದಲೇ ಮಾತಾಡಿ ವರದಿ ಬರೆದಿದ್ದಳು. ಅದನ್ನು ಓದಿದರು. ಅಪ್ಪ ನಿನಗೆ ಹೊಡೆದಿದ್ದಾರಾ ಎಂದು ಕೇಳಿದ್ದಕ್ಕೆ ಮಗು ಹೇಳಿತ್ತು, "ಇಲ್ಲ. ಅಮ್ಮನಿಗೆ ಮಾತ್ರ. ಅಮ್ಮ ಸದ್ದು ಮಾಡದೇ ಇದ್ರೆ ಬೇಗ ಮುಗಿಯುತ್ತೆ." ಸೋಫಾದ ವಿಷಯ ಕೇಳಿದಾಗ ಮಗು ಮಾತೇ ಆಡಲಿಲ್ಲ ಎಂದೂ ಬರೆದಿತ್ತು. ಆ ಕಡೆಯ ವಕೀಲ "ಇಲ್ಲ" ಎಂಬ ಮಾತನ್ನು ಎತ್ತಿಕೊಂಡ, ಉಳಿದದ್ದನ್ನು ಬಿಟ್ಟ.

ತಾತ ಎದ್ದು ನಿಂತು ಹೇಳಿದ. ಒಂದನ್ನೂ ಮುಚ್ಚಲಿಲ್ಲ. "ಎರಡನೇ ಫೋಟೋ. ಬಲ ಕೆನ್ನೆಯ ಮೂಳೆ ಮೇಲೆ. ಕೆಂಪು ಹೋಗಿ ನೀಲಿ ಬಂದಿತ್ತು, ಅಂದ್ರೆ ಎರಡು ದಿನದ್ದು. ಐದನೇದು ಎಡ ಗದ್ದ. ಅಂಚಿನಲ್ಲಿ ಹಸಿರು, ಹಳದಿ. ವಾರ ಆಗಿತ್ತು. ಬೆರಳಿನ ಅಗಲ ನಾಲ್ಕು ಗುರುತು." ಅವನು ಹೇಳುತ್ತ ಹೋದ ಹಾಗೆ ಮಗಳು ತಲೆ ತಗ್ಗಿಸಿದಳು. ನ್ಯಾಯಾಧೀಶರು ಬರೆದುಕೊಳ್ಳುತ್ತಿದ್ದವರು ಪೆನ್ನು ನಿಲ್ಲಿಸಿ ಕೇಳಿದರು. "ಇಷ್ಟೆಲ್ಲ ಕಂಡಿದ್ದೂ ಯಾಕೆ ಸುಮ್ಮನಿದ್ರಿ?"

"ಹೇಡಿತನ ಸ್ವಾಮಿ" ಎಂದ ತಾತ. "ಕಾಣದ ಹಾಗೆ ಮಾಡಿದ್ರೆ ಇಲ್ಲ ಅಂತಲೇ ಆಗುತ್ತೆ ಅಂದ್ಕೊಂಡೆ."

ವಕೀಲೆಯ ಮುಖ ಅರಳಿತು. ಗೆದ್ದೆವು ಎಂದು ಅಜ್ಜಿಗೂ ಅನ್ನಿಸಿತು. ಆಗ ಆ ಕಡೆಯ ವಕೀಲ ಎದ್ದ. ಸೌಮ್ಯವಾದ ಮನುಷ್ಯ, ಒಂದು ಸಲವೂ ದನಿ ಎತ್ತಲಿಲ್ಲ.

"ತಮ್ಮ ಕಸುಬಿಗೆ ಎಷ್ಟು ವರ್ಷ?"

"ಮೂವತ್ತೆಂಟು."

"ಗಾಯದ ಬಣ್ಣ ಇಷ್ಟು ಚೆನ್ನಾಗಿ ಬಲ್ಲಿರಿ. ಎಷ್ಟು ದಿನದ್ದು ಅಂತಲೂ ಹೇಳ್ತೀರಿ. ಗಾಯ ಇರೋ ಮುಖದಿಂದ ಅಳಿಸೋದು ಬರುತ್ತೆ. ಗಾಯ ಇಲ್ಲದ ಮುಖದ ಮೇಲೆ ಬರೆಯೋದೂ ಬರುತ್ತಾ?"

ತಾತ ವಕೀಲೆಯ ಕಡೆ ನೋಡಿದ. ಅವರು ಕಣ್ಣು ಮುಚ್ಚಿಕೊಂಡಿದ್ದರು.

"ಬರುತ್ತೆ" ಎಂದ.

"ನೋಡಿದವರಿಗೆ ಗೊತ್ತಾಗದ ಹಾಗೆ?"

"ಹೂಂ."

"ಎಷ್ಟು ಹೊತ್ತು ಬೇಕು?"

ಸುಳ್ಳು ಹೇಳಬಹುದಿತ್ತು. ಆದರೆ ಅವನು ಆ ಬೆಳಿಗ್ಗೆ ಸುಳ್ಳಿನ ಸಂತೆ ಮುಗಿಸಿಯೇ ಮನೆಯಿಂದ ಹೊರಟಿದ್ದ. "ಹತ್ತು ನಿಮಿಷ" ಅಂದ.

"ಈ ಅರ್ಧ ಫೋಟೋ ಸಿಕ್ಕಿದ್ದು ತಮ್ಮ ಕಂಪ್ಯೂಟರಿನಲ್ಲೇ ಅಲ್ಲವೇ? ಸಂತೋಷ. ಇನ್ನೇನೂ ಕೇಳೋದಿಲ್ಲ."

ಹದಿನೈದು ದಿನಕ್ಕೆ ತೀರ್ಪು ಬಂತು. ವಕೀಲೆ ಕೋರ್ಟಿನ ಹೊರಗಿನ ಬೆಂಚಿನ ಮೇಲೆ ಕೂರಿಸಿ ಹೇಳಿದರು. ತಾಯಿ ಸುಳ್ಳು ಹೇಳುತ್ತಿದ್ದಾಳೆ ಎಂದು ಕೋರ್ಟು ಅನ್ನುವುದಿಲ್ಲ. ಆದರೆ ಸಾಕ್ಷಿ ಯಾವುದನ್ನೂ ಗಟ್ಟಿಯಾಗಿ ನಂಬುವ ಹಾಗಿಲ್ಲ. ಅಲ್ಲಿಯೂ ಕೋರ್ಟಿದೆ, ಪೊಲೀಸರಿದ್ದಾರೆ, ಅಲ್ಲಿಯೇ ವಿಚಾರಣೆಯಾಗಲಿ. ಮೂರು ವಾರದೊಳಗೆ ಮಗು ವಾಪಸ್ ಹೋಗಬೇಕು. ಗಂಡ ಬೇರೆ ಮನೆ ಮಾಡಿಕೊಡುತ್ತಾನೆ, ಹೆಂಡತಿಯಿಂದ ನೂರು ಗಜದೊಳಗೆ ಬರುವುದಿಲ್ಲ ಎಂದು ಬರೆದುಕೊಟ್ಟಿದ್ದಾನೆ. ಏನಾದರೂ ಆದರೆ ಕರೆ ಮಾಡಲು ಅಲ್ಲಿಯ ರಕ್ಷಣಾ ಕಚೇರಿಯ ನಂಬರನ್ನು ತೀರ್ಪಿನಲ್ಲೇ ಕೊಟ್ಟಿದ್ದಾರೆ.

"ಬರೆದುಕೊಟ್ಟಿದ್ದಾನಾ!" ಅಜ್ಜಿ ಎದೆ ಬಡಿದುಕೊಂಡಳು. "ಕಾಗದ ಅಡ್ಡ ನಿಂತು ಕಾಪಾಡುತ್ತಾ ನನ್ನ ಮಗಳನ್ನ?"

ಮಗ ಅಕ್ಕನ ತೋಳು ಹಿಡಿದ. "ಕೋರ್ಟು ಹೇಳಿರೋದು ಮಗು ಹೋಗಬೇಕು ಅಂತ. ನೀನು ಹೋಗಲೇಬೇಕು ಅಂತೇನಿಲ್ಲ ಅಕ್ಕ."

"ತಲೆ ನೆಟ್ಟಗಿದ್ಯೇನೋ ನಿಂಗೆ? ನಾನಿಲ್ಲದ ಮನೇಲಿ ಅವನ ಕೋಪಕ್ಕೆ ಯಾರು ಸಿಗ್ತಾರೆ?"

ಮೂರು ವಾರ ಮೂರು ದಿನದ ಹಾಗೆ ಹೋಯಿತು. ಅಜ್ಜಿ ತಾನೂ ಹೋಗುತ್ತೇನೆಂದು ಹಟ ಹಿಡಿದು ವೀಸಾ ಕಚೇರಿಗೆ ಅಲೆದಳು. ನಾಲ್ಕು ತಿಂಗಳಾಗುತ್ತದೆ ಎಂದರು. ಅಲ್ಲಿಯ ಗುಮಾಸ್ತನಿಗೆ, "ನಾಲ್ಕು ತಿಂಗಳಲ್ಲಿ ಏನಾಗುತ್ತೆ ಅಂತ ನೀನು ಬರೆದುಕೊಡ್ತೀಯಾ?" ಎಂದು ಕೇಳಿ ಬಂದಳು. ಗಿಣಿ ಅಷ್ಟು ಹೊತ್ತಿಗೆ ಕೇಳದೆ ತಿನ್ನುವುದನ್ನು ಕಲಿತಿದ್ದಳು. ಮಾಮನ ಹೆಗಲೇರಿ, "ಲಿಫ್ಟ್, ಮೇಲೆ! ಲಿಫ್ಟ್, ಕೆಳಗೆ!" ಎಂದು ಕೂಗುತ್ತಿದ್ದಳು. ಚೀಲ ಕಟ್ಟುವುದನ್ನು ಕಂಡ ದಿನ ಆ ಕೂಗು ನಿಂತಿತು.

ಹೊರಡುವ ಬೆಳಿಗ್ಗೆ ಮೆಟ್ಟಿಲಿನ ಮೇಲೆ ತಾತ ಮಗಳನ್ನು ನಿಲ್ಲಿಸಿದ. "ತಪ್ಪಾಯ್ತು ಕಣಮ್ಮ."

"ಗೊತ್ತಪ್ಪ" ಎಂದಳು ಮಗಳು. ಪರವಾಗಿಲ್ಲ ಅನ್ನಲಿಲ್ಲ. ಅವನ ಅಂಗಿಯ ಮೇಲಿನ ಗುಂಡಿ ಬಿಚ್ಚಿದ್ದನ್ನು ಹಾಕಿ, ಗಿಣಿಯ ಕೈ ಹಿಡಿದು ಇಳಿದು ಹೋದಳು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ವಿಡಿಯೋ ಕರೆ ಎಂದು ಮಾತಾಗಿತ್ತು. ಮೊದಲ ಭಾನುವಾರ ಹೊಸ ಮನೆ ತೋರಿಸಿದಳು. ಒಂದು ಕೋಣೆ, ಒಂದು ಮಂಚ, ಬಾಗಿಲಿಗೆ ಎರಡು ಚಿಲಕ. ಎರಡನೇ ಭಾನುವಾರ ಗಿಣಿ ಬಿದ್ದ ಹಲ್ಲಿನ ಜಾಗ ತೋರಿಸಿದಳು. ಮೂರನೆಯದರಲ್ಲಿ ಮಗಳು ಯಾರೋ ಬಾಗಿಲು ತಟ್ಟಿದ್ದಕ್ಕೆ ಬೆಚ್ಚಿ, ಆಮೇಲೆ ಪಕ್ಕದ ಮನೆಯವರು ಎಂದು ನಕ್ಕಳು. ಪ್ರತಿ ಸಲವೂ ತಾತ ಕನ್ನಡಕ ಒರೆಸಿ ಹಾಕಿಕೊಂಡು ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂರುತ್ತಿದ್ದ.

ಐದನೇ ಭಾನುವಾರ ಹತ್ತು ಗಂಟೆಗೆ ಕರೆ ಬಂತು. ಮೂವರೂ ಮೇಜಿನ ಸುತ್ತ ಕೂತಿದ್ದರು. ಪರದೆ ಕಪ್ಪಗಿತ್ತು, ದನಿ ಮಾತ್ರ ಬಂತು.

"ಕ್ಯಾಮೆರಾ ಕೆಟ್ಟಿದೆ ಅಪ್ಪ. ನಾವು ಚೆನ್ನಾಗಿದ್ದೀವಿ. ಅಮ್ಮನಿಗೂ ಹೇಳು."

"ಗಿಣಿ ಎಲ್ಲಿ?"

"ಮಲಗಿದ್ದಾಳೆ."

"ಈ ಹೊತ್ತಲ್ಲಾ?"

"ಸ್ವಲ್ಪ ಶೀತ. ಇಡ್ತೀನಪ್ಪ, ಮುಂದಿನ ವಾರ ಮಾಡ್ತೀನಿ."

ಕರೆ ಮುಗಿಯಿತು. ಅಜ್ಜಿ ಬ್ರೆಡ್ಡಿಗೆ ಬೆಣ್ಣೆ ಹಚ್ಚತೊಡಗಿದಳು. "ಕೆಟ್ಟಿರುತ್ತೆ. ಆ ಫೋನೂ ಹಳೇದು. ಅಲ್ವೇನ್ರಿ?"

ತಾತ ಎದ್ದು ಬೀರುವಿನಿಂದ ತೀರ್ಪಿನ ಕಾಗದ ತಂದು ನಂಬರು ಹುಡುಕತೊಡಗಿದ.

"ರೀ, ಸುಮ್ಮನಿರಿ. ನಿಜವಾಗಲೂ ಕೆಟ್ಟಿದ್ರೆ? ಅಧಿಕಾರಿಗಳು ಬಾಗಿಲಿಗೆ ಬಂದು ನಿಂತ್ರೆ ಅಕ್ಕಪಕ್ಕದವರು ಏನಂದ್ಕೋತಾರೆ? ಅವಳ ಕೇಸಿಗೇ ತೊಂದ್ರೆ ಆದ್ರೆ?"

"ಕೆಟ್ಟಿದ್ರೆ ಕೆಟ್ಟಿರಲಿ. ಹೋಗಿ ನೋಡಿ ವಾಪಸ್ ಬರ್ಲಿ. ನಾನು ಬೈಸಿಕೊಳ್ತೀನಿ."

ಮಗ ಎದ್ದು ಬಂದು, ಅಪ್ಪನ ಕೈಯಿಂದ ಫೋನು ತೆಗೆದುಕೊಂಡು, ಕಾಗದ ನೋಡಿ ತಾನೇ ನಂಬರು ಒತ್ತಿ ಅವನ ಕೈಗೆ ಕೊಟ್ಟ. ಬಹಳ ಹೊತ್ತು ಸಂಗೀತ ಬಂತು. ಇಬ್ಬರ ಕೈ ದಾಟಿ, ಕೊನೆಗೆ ನಮ್ಮ ಭಾಷೆ ಬಲ್ಲ ಹೆಣ್ಣುಮಗಳೊಬ್ಬಳು ಸಿಕ್ಕಳು. ತಾತ ಮಗಳ ವಿಳಾಸ ಹೇಳಿದ, ಕೋರ್ಟಿನ ಕೇಸಿನ ನಂಬರು ಹೇಳಿದ, ಈಗಲೇ ಯಾರಾದರೂ ಹೋಗಿ ನೋಡಬೇಕು ಅಂದ.

"ತಾವು ಏನು ನೋಡಿದಿರಿ? ಗಾಯ ಏನಾದರೂ ಕಾಣಿಸಿತಾ?"

"ಇಲ್ಲಮ್ಮ, ಏನೂ ಕಾಣಿಸಲಿಲ್ಲ" ಎಂದ ತಾತ. "ಮುಖ ತೋರಿಸಲಿಲ್ಲ. ಅದಕ್ಕೇ ಫೋನ್ ಮಾಡ್ತಿದ್ದೀನಿ."

ಆ ಕಡೆ ಕೀಲಿಮಣೆಯ ಸದ್ದು ಕೇಳಿತು. ಅಜ್ಜಿ ಎರಡೂ ಕೈಯಲ್ಲಿ ಮೇಜಿನ ಅಂಚು ಹಿಡಿದು ಕೂತಿದ್ದಳು.

"ತಾವು ಅವರಿಗೆ ಏನಾಗಬೇಕು?"

"ಅಪ್ಪ" ಎಂದ. "ಹೂಂ, ಇಡಲ್ಲ. ಹೋಗಿ ನೋಡಿದ್ದೀವಿ ಅಂತ ಹೇಳೋ ತನಕ ಫೋನ್ ಹಿಡ್ಕೊಂಡೇ ಇರ್ತೀನಿ."